ವ್ಯಸನಮುಕ್ತಿಯೂ ಋಣಪರಿಹಾರವೂ

‘ವ್ಯಸನ’ ಎಂಬುದು ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಬಹುಕಾಲದಿಂದ ನೆಲೆನಿಂತ ಶಬ್ದ. ಎಸೆಯುವುದೆಂಬ ಅರ್ಥವುಳ್ಳ ‘ಅಸ್’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಆದುದು. ಯಾವುದು ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೋ ಅದು ವ್ಯಸನವೆಂದು ವಿದ್ವಾಂಸರು ಇದಕ್ಕೆ ನಿರ್ವಚನ ಹೇಳುತ್ತಾರೆ. ಅಮರಸಿಂಹನು ತನ್ನ ಕೋಶದಲ್ಲಿ ವಿಪತ್ತು, ಭ್ರಂಶ, ಕಾಮದಿಂದಲೂ ಕೋಪದಿಂದಲೂ ಹುಟ್ಟುವ ದೋಷ ಎಂಬ ಅರ್ಥಗಳನ್ನು ಇದಕ್ಕೆ ಕೊಟ್ಟಿದ್ದಾನೆ. ಕನ್ನಡದ ಬಳಕೆಯಲ್ಲಿ ಈ ಶಬ್ದಕ್ಕೆ ಇನ್ನೊಂದು ಮುಖವೂ ಉಂಟು. ಸಾವಿನ ಸುದ್ದಿಯನ್ನು ಕೇಳಿದವರು ‘ಬಹಳ ವ್ಯಸನವಾಯಿತು’ ಎನ್ನುವರು. ಅಂದರೆ ಕುಡಿಯುವವನ ಚಟಕ್ಕೂ ಅವನ ಮನೆಯವರ ದುಃಖಕ್ಕೂ ಕನ್ನಡಿಗರು ಒಂದೇ ಹೆಸರನ್ನು ಇಟ್ಟುಕೊಂಡಿದ್ದಾರೆ. ಒಬ್ಬನ ವ್ಯಸನವು ನಾಲ್ವರ ವ್ಯಸನವಾಗುತ್ತದೆಂಬ ತಿಳಿವು ಈ ಭಾಷೆಯಲ್ಲಿಯೇ ಅಡಗಿರುವಂತಿದೆ.

ಈ ಎರಡನೆಯ ಅರ್ಥವನ್ನು ಮರೆತು ಮೊದಲನೆಯದನ್ನು ಮಾತ್ರ ಹಿಡಿದವರೇ ಹೆಚ್ಚು. ಕುಡಿತ ಬಿಟ್ಟರೆ ಎಲ್ಲವೂ ಸರಿಹೋಯಿತೆಂದು ಬಿಟ್ಟವನು ತಿಳಿಯುತ್ತಾನೆ. ಊರವರೂ ಹಾಗೆಯೇ ತಿಳಿದು ಅವನ ಬೆನ್ನು ತಟ್ಟುತ್ತಾರೆ. ಆದರೆ ಕುಡಿದ ಹತ್ತು ವರ್ಷಗಳಲ್ಲಿ ಅವನು ಮಾಡಿದ ಋಣಗಳೆಷ್ಟು? ಕಿರಾಣಿ ಅಂಗಡಿಯಲ್ಲಿ ಉದ್ರಿ ಉಳಿದಿದೆ. ಸೊಸೈಟಿಯ ಸಾಲಕ್ಕೆ ಜಾಮೀನು ನಿಂತ ನೆಂಟನ ಮನೆಗೆ ನೋಟೀಸು ಬಂದಿದೆ. ಹೆಂಡತಿಯ ಕೊರಳ ಬಂಗಾರ ಒತ್ತೆಯಲ್ಲಿ ಮುಳುಗಿದೆ. ಅಣ್ಣನೊಡನೆ ಬದುವಿನ ಜಗಳದಲ್ಲಿ ಆಡಬಾರದ ಮಾತು ಆಡಿಹೋಗಿದೆ. ಮಗನು ಮಧ್ಯದಲ್ಲಿಯೇ ಶಾಲೆ ಬಿಟ್ಟು ದುಡಿಯಲು ಹೋಗಿದ್ದಾನೆ. ಬಾಟಲಿಯನ್ನು ಒಡೆದ ಮಾತ್ರಕ್ಕೆ ಇವುಗಳಲ್ಲಿ ಒಂದಾದರೂ ತೀರುವುದಿಲ್ಲ. ತೀರದ ಋಣ ಎದೆಯಲ್ಲಿ ಕುಳಿತು ಚುಚ್ಚುತ್ತದೆ. ಆ ಚುಚ್ಚುವಿಕೆಯನ್ನು ಮರೆಯಲು ಅವನಿಗೆ ಗೊತ್ತಿರುವ ಔಷಧ ಒಂದೇ ಆಗಿರುತ್ತದೆ. ಬಿಟ್ಟವನು ಮರಳಿ ಹಿಡಿಯುವುದಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಇದು ಸಣ್ಣದಲ್ಲ.

ಆದುದರಿಂದ ವ್ಯಸನಮುಕ್ತಿಯೆಂಬುದು ಮೂರು ಎಳೆಗಳ ಹುರಿ. ತನ್ನ ದಿನಚರಿಯನ್ನು ತಿದ್ದಿಕೊಳ್ಳುವುದು ಮೊದಲನೆಯ ಎಳೆ; ಕೆಡಿಸಿದ ಸಂಬಂಧಗಳನ್ನು ಕೂಡಿಸಿಕೊಳ್ಳುವುದು ಎರಡನೆಯದು; ಒಂದು ಸಮುದಾಯಕ್ಕೆ ತಾನು ಉತ್ತರ ಹೇಳಬೇಕಾದವನೆಂದು ಒಪ್ಪಿಕೊಳ್ಳುವುದು ಮೂರನೆಯದು. ಈ ಮೂರನ್ನೂ ಒಟ್ಟಿಗೆ ಹೆಣೆದವರ ಇತಿಹಾಸವು ವಿಚಾರಾರ್ಹವಾದುದು.

ಪ್ರತಿಜ್ಞೆಯೊಂದನ್ನೇ ನಂಬಿದ ಪ್ರಯತ್ನವೊಂದು ಅಮೆರಿಕದಲ್ಲಿ ನಡೆಯಿತು. 1840ರಲ್ಲಿ ಬಾಲ್ಟಿಮೋರ್ ನಗರದ ಆರು ಮಂದಿ ಕುಡುಕರು ಕೂಡಿ, ತಾವಿನ್ನು ಕುಡಿಯುವುದಿಲ್ಲವೆಂದು ಬರೆದು ಸಹಿ ಮಾಡಿ, ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಮುಂದೆ ರಾಷ್ಟ್ರಾಧ್ಯಕ್ಷರಾದ ಅಬ್ರಹಾಂ ಲಿಂಕನ್ನರು 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಸಂಘದವರ ಮುಂದೆ ಭಾಷಣ ಮಾಡಿದರು. ಆದರೆ ಆ ದಶಕವು ಮುಗಿಯುವುದರೊಳಗೆ ಸಂಘವು ಬಹುಮಟ್ಟಿಗೆ ಅಳಿದುಹೋಯಿತು. ಒಳಜಗಳಗಳೂ ರಾಜಕೀಯದ ಚರ್ಚೆಗಳೂ ಅದನ್ನು ಕೆಡಿಸಿದುದು ನಿಜ. ಸಹಿ ಮಾಡಿದವನು ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು, ಸಂಜೆ ಯಾರ ಬಾಗಿಲಿಗೆ ಹೋಗಬೇಕು ಎಂಬುದಕ್ಕೆ ಅಲ್ಲಿ ಸಾಕಷ್ಟು ವಿಧಾನವಿರಲಿಲ್ಲವೆಂಬುದೂ ಅಷ್ಟೇ ನಿಜ.

ಈ ಕೊರತೆ ತುಂಬಿದುದು ಸುಮಾರು ಒಂದು ಶತಮಾನದ ತರುವಾಯ. ಬಿಲ್ ವಿಲ್ಸನ್ ಎಂಬವರು ನ್ಯೂಯಾರ್ಕಿನ ಷೇರು ವ್ಯವಹಾರದವರು. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಹೇಗೋ ಬಿಟ್ಟವರು. ಐದು ತಿಂಗಳ ಮೇಲೆ ವ್ಯಾಪಾರದ ಕೆಲಸಕ್ಕೆಂದು ಓಹಾಯೊ ಪ್ರಾಂತದ ಆಕ್ರನ್ ಪಟ್ಟಣಕ್ಕೆ ಬಂದರು. ಕೆಲಸ ಕೆಟ್ಟಿತು, ಕೈಯಲ್ಲಿ ಹಣವಿಲ್ಲ, ಹೋಟೆಲಿನ ಒಂದು ಬದಿಯಲ್ಲಿ ಪಾನಗೃಹದ ಗದ್ದಲ ಕೇಳಿಸುತ್ತಿದೆ. ಇನ್ನೊಂದು ಬದಿಯಲ್ಲಿ ದೂರವಾಣಿ. ಅವರು ದೂರವಾಣಿಯ ಕಡೆಗೆ ನಡೆದು, ತನ್ನಂತಹ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕೆಂದು ಅಪರಿಚಿತ ಪಾದ್ರಿಗಳನ್ನು ಕೇಳಿದರು. ಹೀಗೆ ಸಿಕ್ಕವರು ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು. 1935ರ ಮೇ ತಿಂಗಳಲ್ಲಿ ಇಬ್ಬರ ಭೇಟಿಯಾಯಿತು; ಕೆಲವೇ ನಿಮಿಷಗಳೆಂದು ಕುಳಿತವರು ಗಂಟೆಗಟ್ಟಲೆ ಮಾತಾಡಿದರು.

ಇಲ್ಲಿಂದ ಮುಂದಿನ ಸಂಗತಿಯೇ ಈ ಲೇಖನದ ವಿಷಯಕ್ಕೆ ಮುಖ್ಯವಾದುದು. ವೈದ್ಯರು ಕುಡಿತವನ್ನು ಬಿಟ್ಟರು. ಆದರೆ ತಮ್ಮ ಕುಡಿತದ ವಿಷಯವನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು ಹೆದರಿದರು. ಶಸ್ತ್ರವೈದ್ಯನು ಕುಡುಕನೆಂದು ತಿಳಿದರೆ ಯಾವ ರೋಗಿ ಬಂದಾನು, ಹೆಂಡಿರು ಮಕ್ಕಳ ಗತಿಯೇನು ಎಂಬುದು ಅವರ ವಾದ. ಲೋಕದೃಷ್ಟಿಯಿಂದ ಅದು ತಪ್ಪೆನ್ನಲಾಗದು. ಕೆಲವು ವಾರಗಳ ಮೇಲೆ ವೈದ್ಯಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದಾಗ ರೈಲಿನಲ್ಲಿಯೇ ಕುಡಿಯತೊಡಗಿ, ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ಮನೆಗೆ ಮರಳಿದರು. ಆ ಬಳಿಕ ಒಂದು ದಿನ ಶಸ್ತ್ರಚಿಕಿತ್ಸೆಯೊಂದನ್ನು ಮಾಡಲೇಬೇಕಾಗಿತ್ತು. ನಡುಗುವ ಕೈ ನಿಲ್ಲಲೆಂದು ವಿಲ್ಸನ್ನರೇ ಒಂದು ಬಾಟಲಿ ಬಿಯರನ್ನು ಕೊಟ್ಟರು. ಅದೇ ಆ ವೈದ್ಯರ ಕೊನೆಯ ಕುಡಿತ. ಚಿಕಿತ್ಸೆ ಮುಗಿಯಿತು, ಆದರೆ ವೈದ್ಯರು ಮನೆಗೆ ಬರಲಿಲ್ಲ. ಗಂಟೆಗಳು ಕಳೆದುವು. ಮನೆಯಲ್ಲಿದ್ದವರು ಅವರು ಮತ್ತೆ ಕುಡಿಯಲು ಹೋದರೆಂದೇ ಹೆದರಿರಬೇಕು. ಆದರೆ ವೈದ್ಯರು ಮೋಟಾರಿನಲ್ಲಿ ಊರೆಲ್ಲ ಸುತ್ತಿ, ತಾವು ಬಾಕಿ ಉಳಿಸಿಕೊಂಡವರ, ನೋಯಿಸಿದವರ ಮನೆಗಳಿಗೆ ಒಂದೊಂದಾಗಿ ಹೋಗಿ ತಪ್ಪೊಪ್ಪಿಕೊಂಡು ಬರುತ್ತಿದ್ದರು. ಯಾರಿಗೆ ತಿಳಿಯಬಾರದೆಂದು ಅಂಜಿದ್ದರೋ ಅವರಲ್ಲಿ ಅನೇಕರಿಗೆ ಅದು ಮೊದಲೇ ತಿಳಿದಿತ್ತಂತೆ. ನಡುರಾತ್ರಿ ದಣಿದು, ಆದರೆ ಹಗುರಾಗಿ, ಮನೆಗೆ ಬಂದರು. 1950ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೆ ಕುಡಿಯಲಿಲ್ಲ.

‘ಆಲ್ಕೊಹಾಲಿಕ್ಸ್ ಅನಾನಿಮಸ್’, ಎಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಬಳಗ, ತನ್ನ ಹುಟ್ಟಿದ ದಿನವೆಂದು 1935ರ ಜೂನ್ 10ನ್ನು ಗಣಿಸುತ್ತದೆ. ಅದು ಇಬ್ಬರು ಭೇಟಿಯಾದ ದಿನವಲ್ಲ. ಒಬ್ಬನು ಕೊನೆಯ ಬಾರಿ ಕುಡಿದು ಋಣ ತೀರಿಸಲು ಹೊರಟ ದಿನ. ಮೊದಲ ಬಾರಿ ಬಿಟ್ಟಾಗ ಗುಟ್ಟಾಗಿ ಬಿಟ್ಟರು, ಉಳಿಯಲಿಲ್ಲ. ಎರಡನೆಯ ಬಾರಿ ಬಿಟ್ಟಾಗ ಬಾಗಿಲು ಬಾಗಿಲಿಗೂ ಹೋಗಿ ಹೇಳಿದರು, ಉಳಿಯಿತು. ಒಬ್ಬನ ದೃಷ್ಟಾಂತದಿಂದ ಸಿದ್ಧಾಂತವನ್ನು ಕಟ್ಟುವುದು ತರ್ಕಶಾಸ್ತ್ರಕ್ಕೆ ಒಪ್ಪುವುದಲ್ಲ. ಆದರೂ ಇದೊಂದು ಗಮನಿಸತಕ್ಕ ದೃಷ್ಟಾಂತ.

1939ರಲ್ಲಿ ಈ ಬಳಗದವರು ತಮ್ಮ ವಿಧಾನವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಅದರಲ್ಲಿ ಹನ್ನೆರಡು ಮೆಟ್ಟಿಲುಗಳಿವೆ. ಕುಡಿತದ ಹೆಸರು ಬರುವುದು ಮೊದಲನೆಯದರಲ್ಲಿ. ಆಮೇಲೆ ಕಡೆಯ ಮೆಟ್ಟಿಲಿನಲ್ಲಿ ಇತರ ವ್ಯಸನಿಗಳಿಗೆ ನೆರವಾಗುವ ಮಾತಿನಲ್ಲಿ ಮಾತ್ರ. ನಡುವಣ ಮೆಟ್ಟಿಲುಗಳೆಲ್ಲ ಮನುಷ್ಯನ ಒಳಗನ್ನೂ ಅವನ ಸಂಬಂಧಗಳನ್ನೂ ಕುರಿತವು. ನಾಲ್ಕನೆಯದರಲ್ಲಿ ತನ್ನ ಗುಣದೋಷಗಳ ಲೆಕ್ಕವನ್ನು ಅಂಜದೆ ಬರೆಯಬೇಕು. ಐದನೆಯದರಲ್ಲಿ ಅದನ್ನು ಇನ್ನೊಬ್ಬ ಮನುಷ್ಯನಿಗೆ ಓದಿ ಹೇಳಬೇಕು. ಎಂಟನೆಯದರಲ್ಲಿ ತಾನು ಕೇಡು ಮಾಡಿದವರೆಲ್ಲರ ಪಟ್ಟಿಯನ್ನು ಮಾಡಿ, ತಿದ್ದಿಕೊಳ್ಳಲು ಮನಸ್ಸನ್ನು ಸಿದ್ಧಮಾಡಬೇಕು; ಒಂಬತ್ತನೆಯದರಲ್ಲಿ ಅವರ ಬಳಿಗೆ ಹೋಗಿ ನೇರವಾಗಿ ತಿದ್ದಿಕೊಳ್ಳಬೇಕು, ಆದರೆ ಹಾಗೆ ಮಾಡಿದರೆ ಅವರಿಗೋ ಬೇರೆಯವರಿಗೋ ನೋವಾಗುವುದಾದರೆ ಮಾಡಬಾರದು. ಹತ್ತನೆಯದು ಪ್ರತಿದಿನದ ಲೆಕ್ಕ.

ಪಟ್ಟಿ ಮಾಡುವುದನ್ನೂ ಹೋಗಿ ತೀರಿಸುವುದನ್ನೂ ಎರಡು ಬೇರೆ ಮೆಟ್ಟಿಲುಗಳನ್ನಾಗಿ ಇಟ್ಟುದರಲ್ಲಿ ಅನುಭವದ ಜಾಣತನವಿದೆ. ಬಿಟ್ಟ ಹೊಸತರಲ್ಲಿ ಮನುಷ್ಯನಿಗೆ ಒಂದು ಬಗೆಯ ಆವೇಶವಿರುತ್ತದೆ; ಸಿಕ್ಕಸಿಕ್ಕವರ ಕಾಲಿಗೆ ಬಿದ್ದು ಅಳುತ್ತಾನೆ. ಆ ಅಳುವಿನಿಂದ ಅವನ ಭಾರ ಇಳಿಯಬಹುದು. ಕೇಳಿದವರ ಭಾರ ಹೆಚ್ಚಬಹುದು. ಹೆಂಡತಿಗೆ ತಿಳಿಯದಿದ್ದ ಹಳೆಯ ದ್ರೋಹವೊಂದನ್ನು ಈಗ ಒಪ್ಪಿಕೊಂಡು ತಾನು ಶುದ್ಧನಾದೆನೆನ್ನುವವನು ತನ್ನ ಹೊರೆಯನ್ನು ಆಕೆಯ ತಲೆಯ ಮೇಲೆ ಇಟ್ಟಂತಾಯಿತು. ಪಟ್ಟಿಯನ್ನು ಮೊದಲು ಅನುಭವಸ್ಥನಾದ ಇನ್ನೊಬ್ಬನ ಮುಂದೆ ಇಟ್ಟು ಯಾರ ಬಳಿಗೆ ಈಗ ಹೋಗಬಹುದು, ಯಾರ ಬಳಿಗೆ ತಡೆದು ಹೋಗಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಎಂದು ಆ ಬಳಗದವರು ವಿಂಗಡಿಸುವುದು ಇದಕ್ಕಾಗಿ.

ಸಂಸ್ಕೃತದ ‘ಪ್ರಾಯಶ್ಚಿತ್ತ’ ಶಬ್ದದ ನಿರ್ವಚನವನ್ನು ಇಲ್ಲಿ ನೆನೆಯಬಹುದು. ‘ಪ್ರಾಯ’ವೆಂದರೆ ತಪಸ್ಸು, ‘ಚಿತ್ತ’ವೆಂದರೆ ನಿಶ್ಚಯ ಎಂದು ಪ್ರಾಚೀನರು ಬಿಡಿಸಿದ್ದಾರೆ. ನಿಶ್ಚಯವಿಲ್ಲದ ಅಳು ಪ್ರಾಯಶ್ಚಿತ್ತವಾಗದು. ಅಷ್ಟೇ ಅಲ್ಲ, ಕದ್ದ ವಸ್ತುವನ್ನು ಒಡೆಯನಿಗೆ ಹಿಂದಿರುಗಿಸಿ ಕೃಚ್ಛ್ರವನ್ನು ಆಚರಿಸಬೇಕೆಂದು ಮನುಸ್ಮೃತಿಯೂ ಹೇಳುತ್ತದೆ. ವಸ್ತುವನ್ನು ಮನೆಯಲ್ಲಿ ಇಟ್ಟುಕೊಂಡು ದೇವರಿಗೆ ತಪ್ಪುಕಾಣಿಕೆ ಹಾಕಿಬಿಡುವ ಅಗ್ಗದ ಉಪಾಯವನ್ನು ಶಾಸ್ತ್ರವು ಹೇಳಿದುದಲ್ಲ; ಅದು ಜನರೇ ಕಂಡುಕೊಂಡುದು.

ಶರಣರ ಚರಿತ್ರೆಯಲ್ಲಿ ಈ ವಿಚಾರಕ್ಕೆ ಹತ್ತಿರವಾದ ನಿದರ್ಶನಗಳು ದೊರೆಯುತ್ತವೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಈ ಕಥೆಯನ್ನು ಕಾಯಕತತ್ತ್ವದ ಉಪನ್ಯಾಸಗಳಲ್ಲಿ ಎಲ್ಲರೂ ಹೇಳುತ್ತಾರೆ; ಆದರೆ ಅದರಲ್ಲಿ ನಡೆದ ಕ್ರಿಯೆಯ ಕ್ರಮವನ್ನು ಗಮನಿಸುವವರು ಕಡಿಮೆ. ಲಕ್ಕಮ್ಮನು ಗಂಡನನ್ನು ಕಳ್ಳನೆಂದು ಜರೆಯಲಿಲ್ಲ. ನೆರೆಹೊರೆಯನ್ನು ಕೂಗಿ ಕರೆಯಲಿಲ್ಲ. ಕ್ಷಮಿಸಿದೆನೆಂದು ಅಕ್ಕಿಯನ್ನು ಬೇಯಿಸಲೂ ಇಲ್ಲ. ಮಾರಯ್ಯನ ಎಡವು ಸಣ್ಣದು; ಅದನ್ನು ಸರಿಪಡಿಸುವ ದಾರಿ ತಂದ ದಾರಿಯಲ್ಲಿಯೇ ಮರಳಿ ನಡೆಯುವುದು. ಮರಳಿಸಿ ಬಂದ ಮೇಲೆ ಇಬ್ಬರ ದಾಂಪತ್ಯವೂ ಕಾಯಕವೂ ಮೊದಲಿನಂತೆಯೇ ಸಾಗಿದುವು. ಪತಿಯು ಪತ್ನಿಗೆ ಉತ್ತರಿಸಬೇಕಾದವನು ಎಂಬುದನ್ನು ಹನ್ನೆರಡನೆಯ ಶತಮಾನದ ಆ ಬಡ ಮನೆಯಲ್ಲಿ ವಾದವಿಲ್ಲದೆ ಒಪ್ಪಿದ್ದರು.

ಹೆಂಡದ ಮಾರಯ್ಯನ ನಿದರ್ಶನ ಇನ್ನೊಂದು ಬಗೆಯದು. ಹೆಂಡ ಮಾರುವುದು ಅವನ ವೃತ್ತಿ. ಶರಣನಾದ ಮೇಲೆ ಹೆಂಡದಂಗಡಿಗೆ ಬಂದವರಿಗೇ ಕುಡಿತದ ಕೇಡನ್ನು ತಿಳಿಸಿ ಹೇಳಿದವನೆಂದು ಪ್ರತೀತಿ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವನ ಕೆಲವು ವಚನಗಳು ಉಳಿದಿವೆ. ಉರಿಲಿಂಗಪೆದ್ದಿಯು ಕಳವಿಗೆ ಬಂದವನು, ದೀಕ್ಷೆಯ ಸಮಾರಂಭವನ್ನು ಕಂಡು ಮನಸ್ಸು ತಿರುಗಿ ಉರಿಲಿಂಗದೇವರ ಶಿಷ್ಯನಾದನು. ಗುರುವಿನ ಬಳಿಕ ಆ ಪೀಠವೇ ಅವನಿಗೆ ಸಂದಿತೆಂಬುದು ಪರಂಪರೆಯ ಮಾತು. ಹಿಂದೆ ಏನಾಗಿದ್ದನೆಂಬುದನ್ನು ಮರೆಮಾಚದೆ, ಅದೇ ಕಾರಣಕ್ಕೆ ಅವನನ್ನು ಹೊರಗೂ ಇಡದೆ ಒಳಗೆ ಕರೆದುಕೊಂಡ ಸಮುದಾಯವದು.

ಪಂಚಾಚಾರಗಳಲ್ಲಿ ‘ಗಣಾಚಾರ’ವೆಂಬುದನ್ನು ಶಿವನಿಂದೆಯನ್ನು ಸಹಿಸದಿರುವ ಶೌರ್ಯವೆಂದು ಮಾತ್ರ ವಿವರಿಸುವ ರೂಢಿಯಿದೆ. ಅದು ಅರ್ಧಾರ್ಥ. ಗಣದ ಗೌರವವನ್ನು ಹೊರಗಿನವರಿಂದ ಕಾಯುವುದು ಎಷ್ಟು ಆಚಾರವೋ, ಗಣದೊಳಗಿನವನೊಬ್ಬನು ಜಾರಿದಾಗ ಅವನನ್ನು ಹಿಡಿದೆತ್ತುವುದೂ ಅಷ್ಟೇ ಆಚಾರ. ಇದರ ಜೊತೆಯಲ್ಲಿ ಸತ್ಯಶುದ್ಧ ಜೀವನವನ್ನು ವಿಧಿಸುವ ಸದಾಚಾರವನ್ನೂ ಎಲ್ಲರಿಗಿಂತ ತಾನು ಕಿರಿಯನೆಂದು ನಡೆಯುವ ಭೃತ್ಯಾಚಾರವನ್ನೂ ಇಟ್ಟು ನೋಡಿದರೆ ಮೇಲೆ ಹೇಳಿದ ಮೂರು ಎಳೆಗಳು ಇಲ್ಲಿಯೂ ಕಾಣುತ್ತವೆ. ಆಕ್ರನ್ನಿನವರು ಕಲ್ಯಾಣದಿಂದ ಕಲಿತರೆಂದು ಹೇಳಹೊರಡುವುದು ಹುಚ್ಚುತನ. ಮನುಷ್ಯನ ಕಷ್ಟ ಒಂದೇ ಆದಾಗ ದಾರಿಗಳೂ ಒಮ್ಮೊಮ್ಮೆ ಒಂದೇ ಆಗುತ್ತವೆ.

ಇನ್ನು ಈಚಿನ ಕಾಲದ ವಿಷಯ. ಅಂದು ವಿಜಾಪುರ ಜಿಲ್ಲೆಗೂ ಇಂದು ಬಾಗಲಕೋಟೆ ಜಿಲ್ಲೆಗೂ ಸೇರಿದ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಜಂಗಮನ ಜೋಳಿಗೆಗೆ ಜೋಳವೋ ಕಾಣಿಕೆಯೋ ಬೀಳುವುದು ನಾಡಿನ ವಾಡಿಕೆ. ಅವರು ಬೇಡಿದುದು ಜನರ ದುಶ್ಚಟಗಳನ್ನು. ಈ ‘ಮಹಾಂತ ಜೋಳಿಗೆ’ಯು ಹಳ್ಳಿಯಿಂದ ಹಳ್ಳಿಗೆ ಹೋಯಿತು, 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜೋಳಿಗೆಯಲ್ಲಿ ಹಾಕಿದುದನ್ನು ಮರಳಿ ತೆಗೆದುಕೊಳ್ಳುವುದು ಯಾವ ಹಳ್ಳಿಯವನಿಗೂ ಹೇಸಿಕೆಯ ಸಂಗತಿ. ಆ ಸಂಸ್ಕಾರವನ್ನೇ ಅವರು ಔಷಧವನ್ನಾಗಿ ಬಳಸಿದರು. ಗುಟ್ಟಾಗಿ ಮಾಡಿದ ಸಂಕಲ್ಪ ಮನಸ್ಸಿನಲ್ಲಿಯೇ ಮುರಿಯಬಹುದು. ಸ್ವಾಮಿಗಳ ಎದುರಿಗೆ, ಹೆಂಡತಿ ಮಕ್ಕಳ ಎದುರಿಗೆ ಮಾಡಿದುದಕ್ಕೆ ಸಾಕ್ಷಿಗಳಿರುತ್ತಾರೆ.

ದಕ್ಷಿಣಕನ್ನಡದ ಕಡೆಯಿಂದ ಹಬ್ಬಿದ ಇನ್ನೊಂದು ಕಾರ್ಯವೂ ಸ್ಮರಣೀಯ. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ನಡೆಯುವುದು ದೂರದ ಪಟ್ಟಣದಲ್ಲಲ್ಲ, ಆ ಊರಿನ ಸಭಾಭವನದಲ್ಲಿ. ನಡೆಸುವವರು ಊರಿನವರೇ ಸೇರಿದ ಸಮಿತಿ. ಮನೆಯವರಿಗೂ ಅಲ್ಲಿ ಕರೆ. ಶಿಬಿರ ಮುಗಿದ ಮೇಲೆ ಬಿಟ್ಟವರು ‘ನವಜೀವನ ಸಮಿತಿ’ಯಾಗಿ ಕೂಡುತ್ತ ಬರುತ್ತಾರೆ. ಶಿಬಿರದ ದಿನಗಳಿಗಿಂತ ಈ ಕೂಡಿಕೆಗಳೇ ಹೆಚ್ಚು ಬೆಲೆಯುಳ್ಳವೆಂದು ಹೇಳಬೇಕು. ಏಕೆಂದರೆ ಶಿಬಿರದಲ್ಲಿ ಕುಡಿಯದಿರುವುದು ಸುಲಭ. ಶನಿವಾರ ಪಗಾರ ಕೈಗೆ ಬಂದ ಸಂಜೆ ಕುಡಿಯದಿರುವುದು ಕಷ್ಟ.

ಸಂಜೆಯ ಮಾತು ಬಂದುದರಿಂದ ದಿನಚರಿಯ ವಿಷಯವನ್ನೂ ಹೇಳಿಬಿಡಬಹುದು. ಕುಡಿಯುತ್ತಿದ್ದ ಹೊತ್ತು ಬರಿದಾಗಿ ಉಳಿಯಬಾರದು. ಆ ಹೊತ್ತಿಗೆ ದನಗಳಿಗೆ ಮೇವು ಹಾಕುವುದೋ, ಮಗಳಿಗೆ ಪಾಠ ಓದಿಸುವುದೋ, ಮಠದ ಭಜನೆಗೆ ಹೋಗುವುದೋ ಒಂದು ನಿಯಮ ಬೇಕು. ಹೊತ್ತಿಗೆ ಸರಿಯಾಗಿ ಊಟ, ಸಾಕಷ್ಟು ನಿದ್ರೆ, ಹಳೆಯ ಕೂಟದವರ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಬರುವುದು, ಇವೆಲ್ಲ ಸಣ್ಣ ಸಂಗತಿಗಳೆಂದು ತೋರಿದರೂ ಸಣ್ಣವಲ್ಲ. ಇಷ್ಟಲಿಂಗಪೂಜೆಯ ನಿಯಮವುಳ್ಳವರಿಗೆ ದಿನದ ಲೆಕ್ಕ ನೋಡಿಕೊಳ್ಳಲು ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ. ಇಂದು ಯಾರಿಗೆ ಸುಳ್ಳಾಡಿದೆ, ಯಾರಿಗೆ ಕೊಡುವುದನ್ನು ಕೊಡಲಿಲ್ಲ ಎಂದು ಅಂಗೈಯ ಲಿಂಗವನ್ನು ನೋಡುತ್ತ ಕೇಳಿಕೊಂಡವನು ಹತ್ತನೆಯ ಮೆಟ್ಟಿಲನ್ನು ಹತ್ತಿದಂತೆಯೇ. ಬಹುಕಾಲ ವಿಪರೀತವಾಗಿ ಕುಡಿದವರು ಮಾತ್ರ ವೈದ್ಯರಿಗೆ ತೋರಿಸದೆ ಒಮ್ಮೆಲೆ ನಿಲ್ಲಿಸಬಾರದು. ಎರಡು ಮೂರು ದಿನಗಳಲ್ಲಿ ನಡುಕ, ಸೆಳವು, ಬುದ್ಧಿಭ್ರಮೆ ತಲೆದೋರಿ ಪ್ರಾಣಕ್ಕೆ ಸಂಚಕಾರ ಬರುವುದುಂಟು. ಸಂಕಲ್ಪಬಲದಿಂದ ಇದನ್ನು ಗೆಲ್ಲಬಹುದೆಂದು ಉಪದೇಶಿಸುವವರು ಅಪಾಯಕಾರಿಗಳು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು.

ಬಳಗದ ಬಲವು ಬರಿಯ ನಂಬಿಕೆಯ ಮಾತಲ್ಲ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹತ್ತು ಸಾವಿರಕ್ಕೂ ಮಿಕ್ಕಿದ ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿ, ವ್ಯಸನಿಗಳನ್ನು ಕ್ರಮವಾಗಿ ಇಂತಹ ಬಳಗಕ್ಕೆ ಸೇರಿಸುವ ವಿಧಾನವು ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಜನರನ್ನು ಸತತವಾಗಿ ಮದ್ಯದಿಂದ ದೂರವಿಟ್ಟಿತೆಂದು ಕಂಡುಕೊಂಡಿತು. ಇತ್ತ ಕಾನೂನೊಂದರಿಂದಲೇ ಕೆಲಸವಾಗದೆಂಬುದಕ್ಕೂ ನಿದರ್ಶನವುಂಟು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ಹೋಗಲಿಲ್ಲ, ಬಾಟಲಿಯ ಚೀಟಿ ಬದಲಾಯಿತು. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಶೇಕಡಾ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯಪಾನ ಮಾಡುವವರು.

ಸಮುದಾಯಕ್ಕೆ ಉತ್ತರಿಸುವುದೆಂದರೆ ಸಮುದಾಯದಿಂದ ಅವಮಾನಗೊಳ್ಳುವುದಲ್ಲ. ಕುಡಿದವನನ್ನು ಕಂಬಕ್ಕೆ ಕಟ್ಟುವುದು, ತಲೆ ಬೋಳಿಸುವುದು, ದಂಡ ಹಾಕಿ ಆ ದಂಡದಲ್ಲಿ ಪಂಚರು ಊಟ ಮಾಡುವುದು, ಇಂತಹವುಗಳಿಗೆ ಸುಧಾರಣೆಯ ಹೆಸರು ಸಲ್ಲದು. ಅವಮಾನಿತನು ಮೊದಲು ಮುಖ ಮರೆಸುತ್ತಾನೆ, ಆಮೇಲೆ ಕತ್ತಲಲ್ಲಿ ಕುಡಿಯುತ್ತಾನೆ. ಆಕ್ರನ್ನಿನ ಬಳಗದವರು ಹೆಸರನ್ನು ಗುಟ್ಟಾಗಿಟ್ಟುದು ಇದಕ್ಕಾಗಿಯೇ. 1957ರಲ್ಲಿ ಆ ಬಳಗ ಭಾರತಕ್ಕೆ ಬಂದಾಗಲೂ ಆ ನಿಯಮವನ್ನು ಬಿಡಲಿಲ್ಲ. ನೋಯಿಸಿದವರಿಗೂ ಜೊತೆಯವರಿಗೂ ಬಹಿರಂಗ, ಮಿಕ್ಕ ಲೋಕಕ್ಕೆ ಗುಟ್ಟು ಎಂಬ ಈ ಹದವನ್ನು ನಮ್ಮ ಊರುಗಳ ಹಿರಿಯರು ಕಲಿಯಬೇಕಾಗಿದೆ. ಮಠಮಾನ್ಯಗಳ ವೇದಿಕೆಗಳಲ್ಲಿ ಕುಡಿತ ಬಿಟ್ಟವನನ್ನು ಹಾರ ಹಾಕಿ ನಿಲ್ಲಿಸಿ ಅವನ ಪೂರ್ವಚರಿತ್ರೆಯನ್ನು ಧ್ವನಿವರ್ಧಕದಲ್ಲಿ ಹೇಳಿಸುವ ಉತ್ಸಾಹಕ್ಕೂ ಒಂದು ಮಿತಿ ಬೇಕು. ಕೆಳಗೆ ಕುಳಿತ ಅವನ ಮಗಳ ಮುಖವನ್ನು ಆಗ ಯಾರೂ ನೋಡುವುದಿಲ್ಲ.

ಕ್ಷಮೆಯ ವಿಷಯದಲ್ಲಿಯೂ ಹೀಗೆಯೇ ಒಂದು ಆತುರವಿದೆ. ಬಿಟ್ಟವನು ಬಂದು ಕೈಮುಗಿದನೆಂದರೆ ಹೆಂಡತಿ ಒಡನೆಯೇ ಎಲ್ಲವನ್ನೂ ಮರೆಯಬೇಕೆಂದು ನೆಂಟರಿಷ್ಟರು ಒತ್ತಾಯಿಸುವರು. ಹತ್ತು ವರ್ಷ ಪೆಟ್ಟು ತಿಂದವಳು ಹತ್ತು ದಿನಗಳಲ್ಲಿ ನಂಬಬೇಕೆಂಬುದು ಯಾವ ನ್ಯಾಯ? ತೀರಿಸುವುದು ಅವನ ಧರ್ಮ. ಕ್ಷಮಿಸುವುದು ಆಕೆಯ ಇಚ್ಛೆ. ಬೇರೆ ಮನೆಯಲ್ಲಿದ್ದುಕೊಂಡೇ ಮಕ್ಕಳ ವೆಚ್ಚವನ್ನು ತಿಂಗಳು ತಿಂಗಳು ತಪ್ಪದೆ ಕಳಿಸುವುದು ಕೂಡ ಋಣ ತೀರಿಸುವ ಮಾರ್ಗವೇ. ವಿಲ್ಸನ್ನರ ಪತ್ನಿ ಲೋಯಿಸ್ ಅವರು ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ‘ಅಲ್-ಅನಾನ್’ ಎಂಬ ಬೇರೆಯೇ ಬಳಗವನ್ನು ಕಟ್ಟಿದರು. ಗಂಡನು ಕುಡಿತ ಬಿಟ್ಟು ಹದಿನೇಳನೆಯ ವರ್ಷವದು. ಮನೆಯವರ ನೋವು ಗಂಡನು ಬಿಟ್ಟ ದಿನವೇ ಬಿಟ್ಟುಹೋಗುವುದಿಲ್ಲವೆಂದು ಆಕೆ ಬಲ್ಲವರಾಗಿದ್ದರು.

ಸಾಲದವನು ಸತ್ತಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯೂ ಏಳುತ್ತದೆ. ಅವನ ಮಕ್ಕಳಿಗೆ ಸಲ್ಲಿಸಬಹುದು. ಮಕ್ಕಳಿಲ್ಲದಿದ್ದರೆ ಅವನ ಹೆಸರಿನಲ್ಲಿ ದಾಸೋಹಕ್ಕೆ ಸಲ್ಲಿಸಬಹುದು. ಮಕ್ಕಳಿಗೆ ಮಾಡಿದ ಕೇಡನ್ನು ತೀರಿಸುವ ಬಗೆಯೇ ಎಲ್ಲಕ್ಕಿಂತ ಬಿಕ್ಕಟ್ಟಿನದು, ಏಕೆಂದರೆ ಬಾಲ್ಯವನ್ನು ಮರಳಿಸಲು ಬಾರದು. ಇಲ್ಲಿ ಶಾಲೆಯವರ ಪಾತ್ರವೂ ಉಂಟು. ತಂದೆಯ ಕುಡಿತದಿಂದ ಶಾಲೆ ಬಿಟ್ಟ ಹುಡುಗನನ್ನು, ತಂದೆ ಬಿಟ್ಟ ಮೇಲೆ, ಶುಲ್ಕದ ಬಾಕಿಯನ್ನು ಎತ್ತದೆ ಮತ್ತೆ ಸೇರಿಸಿಕೊಳ್ಳಬಹುದು. ಪ್ರಸಾದನಿಲಯದಲ್ಲಿ ಅವನಿಗೊಂದು ಸ್ಥಳ ಕೊಡಬಹುದು. ಆ ಬಾಕಿಯನ್ನು ಮಾತ್ರ ತಂದೆಯ ಹೆಸರಿನಲ್ಲಿಯೇ ಬರೆದಿಟ್ಟು, ಅವನು ಸುಗ್ಗಿಯಲ್ಲಿ ಒಂದು ಚೀಲ ಜೋಳವನ್ನೋ ಪಗಾರದ ದಿನ ನೂರು ರೂಪಾಯಿಯನ್ನೋ ತಂದುಕೊಟ್ಟಾಗ ಕೈಯಿಂದ ತಳ್ಳದೆ ತೆಗೆದುಕೊಂಡು, ಅವನೆದುರಿಗೇ ಪಾವತಿ ಬರೆದು ಕೊಡಬೇಕು.